ಹಿನ್ನೆಲೆಯ ಪ್ರಕ್ರಿಯೆಗಳು ಮತ್ತು ಶೆಲ್ ಸ್ಕ್ರಿಪ್ಟು: ಒಂದು ಪ್ರಚಲಿತ ಪಾಠದ ವಿಮರ್ಶೆ

ಯೂನಿಕ್ಸ್ ಮತ್ತು ಅದರ ಸಂತತಿಗೆ ಸೇರಿದ ಗಣಕವ್ಯವಸ್ಥೆಗಳಲ್ಲಿ ಅಭ್ಯಾಸಮಾಡುವ ವಿದ್ಯಾರ್ಥಿಗಳ ಕೈಗೆ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟು ಬಹುಕಾಲದಿಂದ ಇಳಿದುಬರುತ್ತಿದೆ. ಅದಕ್ಕೆ ಕರ್ತೃವಿನ ಅಂಕಿತವಿಲ್ಲ. ಪ್ರಯೋಗಶಾಲೆಯ ದಾಖಲೆ ಪುಸ್ತಕಗಳಲ್ಲಿ ಒಬ್ಬರಿಂದೊಬ್ಬರು ಪ್ರತಿಮಾಡಿಕೊಂಡು ಉಳಿಸಿಕೊಂಡು ಬಂದಿರುವ ಪಾಠ ಅದು. ಪಾಠಾಂತರಗಳು ಅನೇಕವಾಗಿದ್ದರೂ ಮೂಲದ ಅಂಗಗಳು ಮೂರೇ. ಒಂದು ಆಜ್ಞೆಯ ಕೊನೆಯಲ್ಲಿ & ಚಿಹ್ನೆಯನ್ನಿಟ್ಟು ಅದನ್ನು ಹಿನ್ನೆಲೆಯಲ್ಲಿ ಪ್ರಾರಂಭಿಸುವುದು ಮೊದಲನೆಯದು. ಹಾಗೆ ಹುಟ್ಟಿದ ಪ್ರಕ್ರಿಯೆಯ ಕ್ರಮಸಂಖ್ಯೆಯನ್ನು, ಎಂದರೆ ಅದರ ಪಿಐಡಿಯನ್ನು, ಒಂದು ಫೈಲಿನಲ್ಲಿ ಬರೆದಿಡುವುದು ಎರಡನೆಯದು. ನಿಲ್ಲಿಸಬೇಕಾದಾಗ ಆ ಫೈಲನ್ನು ಓದಿ, ಅಲ್ಲಿ ಸಿಕ್ಕಿದ ಸಂಖ್ಯೆಗೆ ಕಿಲ್ ಎಂಬ ಆಜ್ಞೆಯಿಂದ ಒಂಬತ್ತನೆಯ ಸಂಕೇತವನ್ನು ಕಳುಹಿಸುವುದು ಮೂರನೆಯದು.

ಈ ಪಾಠ ಅಶುದ್ಧವೆಂಬುದು ನನ್ನ ಅಭಿಪ್ರಾಯ. ಪ್ರತಿಕಾರರ ಕೈತಪ್ಪಿನಿಂದ ಬಂದ ಅಶುದ್ಧಿಯಾಗಿದ್ದರೆ ತಿದ್ದುವುದು ಸುಲಭವಿತ್ತು. ಇದು ಪ್ರಕ್ರಿಯೆ ಎಂದರೇನು ಎಂಬ ತಿಳಿವಳಿಕೆಯಲ್ಲಿಯೇ ಸೇರಿಕೊಂಡಿರುವ ದೋಷವಾದುದರಿಂದ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕಾಗಿದೆ. ಯೂನಿಕ್ಸಿನಲ್ಲಿ ಪ್ರತಿಯೊಂದು ಪ್ರಕ್ರಿಯೆಗೂ ಅದನ್ನು ಹುಟ್ಟಿಸಿದ ಇನ್ನೊಂದು ಪ್ರಕ್ರಿಯೆ ಇರುತ್ತದೆ. ಇವೆರಡರ ನಡುವಣ ಸಂಬಂಧವೇ ಹಿನ್ನೆಲೆಯ ಕೆಲಸದ ಮೇಲೆ ನಮಗಿರುವ ನಿಜವಾದ ಹಿಡಿತ. ಮೇಲ್ಕಂಡ ಪಾಠ ಆ ಸಂಬಂಧವನ್ನು ಹುಟ್ಟಿದ ಮರುಗಳಿಗೆಯಲ್ಲಿಯೇ ಕಡಿದುಹಾಕಿ, ಅನಂತರ ಒಂದು ಸಂಖ್ಯೆಯ ಮೂಲಕ ಅದನ್ನು ಮರಳಿ ಪಡೆಯಲು ಹವಣಿಸುತ್ತದೆ.

ಮೊದಲು ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳುವುದು ಯುಕ್ತ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚೀ ಇವರು 1969ರಲ್ಲಿ ಯೂನಿಕ್ಸಿನ ರಚನೆಯನ್ನು ಪ್ರಾರಂಭಿಸಿದರು. 1971ರ ಮೊದಲ ಕೈಪಿಡಿಯಲ್ಲಿಯೇ & ಚಿಹ್ನೆಯ ಈ ಉಪಯೋಗ ಕಾಣಸಿಗುತ್ತದೆ. ಇಂದು ನಾವು ಸ್ಕ್ರಿಪ್ಟು ಎಂದು ಕರೆಯುವ ರಚನೆಗೆ ತಕ್ಕ ವ್ಯಾಕರಣ ಬಂದದ್ದು 1979ರಲ್ಲಿ, ಸ್ಟೀಫನ್ ಬೋರ್ನ್ ರಚಿಸಿದ ಶೆಲ್ಲಿನಿಂದ. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ ಬ್ಯಾಷ್ ಅದರ ಉತ್ತರಾಧಿಕಾರಿ. ಇಂದಿನ ಲಿನಕ್ಸ್ ಗಣಕಗಳಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ ಎದುರಿಸುವುದು ಇದನ್ನೇ. ಒಂದು ಪ್ರಕ್ರಿಯೆ ಫೋರ್ಕ್ ಎಂಬ ಕರೆಯಿಂದ ತನ್ನಂಥದೇ ಇನ್ನೊಂದನ್ನು ಕವಲೊಡೆಯಿಸುತ್ತದೆ. ಕವಲೊಡೆದದ್ದು ಬೇರೆ ಕೆಲಸವನ್ನು ಕೈಗೊಳ್ಳುತ್ತದೆ. ಮೊದಲನೆಯದನ್ನು ತಾಯಿ ಎಂದೂ ಎರಡನೆಯದನ್ನು ಮಗು ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ. ಶೆಲ್ಲು ಸಾಮಾನ್ಯವಾಗಿ ಮಗುವಿನ ಕೆಲಸ ಮುಗಿಯುವವರೆಗೆ ಕಾದಿರುತ್ತದೆ. & ಚಿಹ್ನೆ ಹೇಳುವುದಿಷ್ಟೇ: ಈಗ ಕಾಯಬೇಡ. ಎಂದಿಗೂ ಕಾಯಬೇಡ ಎಂದು ಅದು ಹೇಳುವುದಿಲ್ಲ. ಪ್ರಚಲಿತ ಪಾಠ ಈ ಎರಡು ಅರ್ಥಗಳನ್ನು ಒಂದೇ ಎಂದು ಭಾವಿಸಿದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಮುಂದುವರಿಯೋಣ. ವಿಜಯಪುರದಲ್ಲಿ ನೆಲೆಸಿ ವಚನವಾಙ್ಮಯದ ಉದ್ಧಾರಕ್ಕೆ ಜೀವನವನ್ನೇ ಮುಡಿಪಾಗಿಟ್ಟ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ತೀರಿಕೊಂಡದ್ದು 1964ರಲ್ಲಿ. ಭಾರತದ ಹಕ್ಕುಸ್ವಾಮ್ಯದ ಸಾಮಾನ್ಯ ನಿಯಮದಂತೆ ಕರ್ತೃ ತೀರಿದ ವರ್ಷದ ಮುಂದೆ 60 ವರ್ಷಗಳು ಕಳೆದಿರುವುದರಿಂದ 2025ರ ಆರಂಭದಿಂದ ಅವರ ಬರಹಗಳು ಸಾರ್ವಜನಿಕರ ಸೊತ್ತಾಗಿವೆ. ಹಳೆಯ ಮುದ್ರಣದ ನಾನೂರು ಪುಟಗಳ ಚಿತ್ರಗಳನ್ನು ಟೆಸರ್ಯಾಕ್ಟ್ ಎಂಬ ಅಕ್ಷರಗ್ರಾಹಿ ತಂತ್ರಾಂಶದಿಂದ ಪಠ್ಯವಾಗಿ ಪರಿವರ್ತಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅದು ಕನ್ನಡವನ್ನು ಓದಬಲ್ಲುದು. ಆದರೆ ಹಳೆಯ ಮೊಳೆಗಳ ಪುಟಕ್ಕೆ ಸಮಯ ಹಿಡಿಯುತ್ತದೆ, ಆದುದರಿಂದ ಹಿನ್ನೆಲೆಯ ಅಗತ್ಯ. ಗಣಕವಿರುವುದು ನಗರದ ವಿಭಾಗದಲ್ಲಿ. ವಿದ್ಯಾರ್ಥಿ ಇರುವುದು ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಮನೆಯಲ್ಲಿ. ಕೈಫೋನಿನ ಸಂಪರ್ಕದಿಂದ ಅವನು ದೂರದ ಗಣಕವನ್ನು ಪ್ರವೇಶಿಸಿ ಕೆಲಸವನ್ನು ಹಚ್ಚಿ ಮಲಗುತ್ತಾನೆ. ರಾತ್ರಿ ಸಂಪರ್ಕ ಕಡಿಯುತ್ತದೆ. ಬೆಳಿಗ್ಗೆ ನೋಡಿದರೆ ಅರವತ್ತು ಪುಟಗಳಾಗಿವೆ; ಉಳಿದುವಾಗಿಲ್ಲ.

ಇಲ್ಲಿ ನಡೆದುದೇನು? ದೂರವಾಣಿ ತಂತಿಯ ಮೂಲಕ ಗಣಕವನ್ನು ಸೇರುತ್ತಿದ್ದ ಕಾಲದಿಂದ ಬಂದ ಸಂಕೇತವೊಂದು ಯೂನಿಕ್ಸಿನಲ್ಲಿದೆ. ಅದರ ಹೆಸರು ಸಿಗ್‌ಹಪ್, ಸಂಖ್ಯೆ 1. ಆ ಕಡೆಯವರು ಫೋನನ್ನು ಕೆಳಗಿಟ್ಟರೆಂಬುದು ಅದರ ಅಕ್ಷರಾರ್ಥ. ಸಂಪರ್ಕ ಕಡಿದಾಗ ಈ ಸಂಕೇತ ಶೆಲ್ಲಿಗೆ ಬರುತ್ತದೆ. ಬ್ಯಾಷ್ ತಾನು ಮುಗಿಯುವ ಮುನ್ನ ತನ್ನ ಕೆಲಸಗಳಿಗೆಲ್ಲ ಅದನ್ನೇ ರವಾನಿಸುತ್ತದೆ. ಆದರೆ ವಿದ್ಯಾರ್ಥಿಯೇ ಎಕ್ಸಿಟ್ ಎಂದು ಬರೆದು ಕ್ರಮವಾಗಿ ಹೊರಬಂದರೆ, ಬ್ಯಾಷ್ ಸಾಮಾನ್ಯಸ್ಥಿತಿಯಲ್ಲಿ ಹಿನ್ನೆಲೆಯ ಕೆಲಸಗಳಿಗೆ ಈ ಸಂಕೇತವನ್ನು ಕಳುಹಿಸುವುದಿಲ್ಲ. ಒಬ್ಬನ ಕೆಲಸ ಉಳಿಯಿತು, ಇನ್ನೊಬ್ಬನದು ಅಳಿಯಿತು, ಇಬ್ಬರೂ ಬರೆದದ್ದು ಅದೇ ಸಾಲು ಎಂಬ ದೂರು ತರಗತಿಗಳಲ್ಲಿ ಕೇಳಿಬರುವುದಕ್ಕೆ ಈ ಭೇದವೇ ಕಾರಣ. ಇದನ್ನು ವಿವರಿಸದೆ ನೋಹಪ್ ಎಂಬ ಆಜ್ಞೆಯನ್ನು ಮಂತ್ರದಂತೆ ಉಪದೇಶಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ನೋಹಪ್ ಮಾಡುವ ಕೆಲಸ ಅಲ್ಪ: ಮೊದಲನೆಯ ಸಂಕೇತಕ್ಕೆ ಕಿವುಡಾಗಿರುವಂತೆ ಪ್ರಕ್ರಿಯೆಗೆ ಹೇಳುತ್ತದೆ, ಬರವಣಿಗೆಯನ್ನು ಪರದೆಯಿಂದ ಒಂದು ಫೈಲಿಗೆ ತಿರುಗಿಸುತ್ತದೆ. ಈ ಕಿವುಡುತನ ತಾಯಿಯಿಂದ ಮಕ್ಕಳಿಗೆ ಆನುವಂಶಿಕವಾಗಿ ಬರುತ್ತದೆ ಎಂಬುದು ಗಮನಾರ್ಹ. ಆದುದರಿಂದ ನೋಹಪ್ಪನ್ನು ಪ್ರತಿಯೊಂದು ಪುಟದ ಕೆಲಸಕ್ಕೂ ಬೇರೆಬೇರೆಯಾಗಿ ತೊಡಿಸಿ ತಾಯಿಯನ್ನು ಸಾಯಗೊಡುವುದು ಅನಾವಶ್ಯಕ. ಸ್ಕ್ರಿಪ್ಟಿಗೆ, ಎಂದರೆ ತಾಯಿಗೆ, ಒಮ್ಮೆ ತೊಡಿಸಿದರೆ ತಾಯಿಯೂ ಉಳಿಯುತ್ತಾಳೆ, ಮಕ್ಕಳೂ ಉಳಿಯುತ್ತಾರೆ. ಪ್ರಚಲಿತ ಪಾಠದ ಬಹುತೇಕ ಪ್ರತಿಗಳಲ್ಲಿ ಇದು ತಲೆಕೆಳಗಾಗಿದೆ. 1987ರ ಸ್ಕ್ರೀನ್, 2007ರ ಟಿಮಕ್ಸ್ ಎಂಬ ಸಲಕರಣೆಗಳು ಕಡಿದ ಸಂಪರ್ಕದ ತೊಂದರೆಯನ್ನು ಇನ್ನೂ ಚೊಕ್ಕಟವಾಗಿ ನಿವಾರಿಸುತ್ತವೆ. ಅವುಗಳ ಅಭ್ಯಾಸವಿರುವವರಿಗೆ ನೋಹಪ್ಪಿನ ಹಂಗೇ ಬೇಕಾಗಿಲ್ಲ.

ಇನ್ನು ಸಂಖ್ಯೆಯ ವಿಚಾರ. ಲಿನಕ್ಸಿನಲ್ಲಿ ಪ್ರಕ್ರಿಯೆಗಳಿಗೆ ಸಂಖ್ಯೆಗಳನ್ನು ಏರುವ ಕ್ರಮದಲ್ಲಿ ಕೊಡುತ್ತ ಹೋಗಿ, ಮಿತಿಯನ್ನು ಮುಟ್ಟಿದ ಮೇಲೆ ಮತ್ತೆ ಕೆಳಗಿನಿಂದ ಬಿಡುವಾಗಿರುವ ಸಂಖ್ಯೆಗಳನ್ನು ಕೊಡಲಾಗುತ್ತದೆ. ಆ ಮಿತಿ ಸಂಪ್ರದಾಯವಾಗಿ 32,768. ಈಚಿನ 64 ಬಿಟ್ಟಿನ ಗಣಕಗಳಲ್ಲಿ ಸಾಮಾನ್ಯವಾಗಿ 41,94,304ರವರೆಗೆ ಏರಿಸಿರುತ್ತಾರೆ. ಪುಟವೊಂದಕ್ಕೆ ನಾಲ್ಕಾರು ಪ್ರಕ್ರಿಯೆಗಳನ್ನು ಹುಟ್ಟಿಸುವ ಸ್ಕ್ರಿಪ್ಟುಗಳು ಹತ್ತಾರು ನಡೆಯುವ ಗಣಕದಲ್ಲಿ ಹಳೆಯ ಮಿತಿ ತೀರುವುದು ತಡವಾಗದು. ಫೈಲಿನಲ್ಲಿ ಬರೆದಿಟ್ಟ ಸಂಖ್ಯೆ ಮಾತ್ರ ಹಾಗೆಯೇ ಇರುತ್ತದೆ. ನಿನ್ನೆ ಅದು ಅಕ್ಷರಗ್ರಾಹಿಯ ಹೆಸರಾಗಿತ್ತು. ಇಂದು ಅದೇ ಹೆಸರಿನಲ್ಲಿ ವಿದ್ಯಾರ್ಥಿಯ ಪ್ರಬಂಧವಿರುವ ಸಂಪಾದಕ ತಂತ್ರಾಂಶ ನಡೆಯುತ್ತಿರಬಹುದು. ಗಣಕ ಮರಳಿ ಹೊತ್ತಿದ ಮೇಲಂತೂ ಎಲ್ಲ ಸಂಖ್ಯೆಗಳೂ ಹೊಸದಾಗಿ ಹಂಚಲ್ಪಡುತ್ತವೆ. ಸಾಮಾನ್ಯ ಬಳಕೆದಾರ ತನ್ನ ಪ್ರಕ್ರಿಯೆಗಳನ್ನಷ್ಟೇ ಕೊಲ್ಲಬಲ್ಲನಾದುದರಿಂದ ಅನರ್ಥ ಅವನಿಗೇ ಸೀಮಿತ. ಅದೇ ಸ್ಕ್ರಿಪ್ಟನ್ನು ರೂಟ್ ಅಧಿಕಾರದಿಂದ ನಡೆಸುವ ಆಡಳಿತಗಾರನ ಕೈಯಲ್ಲಿ ಅದು ಎಲ್ಲರ ಅನರ್ಥ. ಕೊಲ್ಲುವ ಮುನ್ನ ಶೂನ್ಯ ಸಂಕೇತವನ್ನು ಕಳುಹಿಸಿ ಪ್ರಕ್ರಿಯೆ ಬದುಕಿದೆಯೇ ಎಂದು ಪರೀಕ್ಷಿಸುವ ಪಾಠಾಂತರವೊಂದಿದೆ. ಆ ಮನೆಯಲ್ಲಿ ಯಾರೋ ಇದ್ದಾರೆಂದು ಅದರಿಂದ ತಿಳಿಯುತ್ತದೆ. ನಾವು ಹುಡುಕುತ್ತಿರುವವರೇ ಇದ್ದಾರೆಂದು ತಿಳಿಯುವುದಿಲ್ಲ.

ಹಾಗಾದರೆ ಮಗುವನ್ನು ಸಂಶಯವಿಲ್ಲದೆ ಬಲ್ಲವರು ಯಾರು? ತಾಯಿ ಒಬ್ಬಳೇ. ಇಲ್ಲಿ ಯೂನಿಕ್ಸಿನ ಪರಿಭಾಷೆಯ ಕಡೆ ತಿರುಗಬೇಕಾಗಿದೆ. ಏಕೆಂದರೆ ನಮ್ಮ ಅಧ್ಯಾಪಕರು ತಾಂತ್ರಿಕವೆಂದು ಬಿಟ್ಟುಬಿಡುವ ವಿಷಯ ಆ ಶಬ್ದಗಳಲ್ಲಿಯೇ ಅಡಗಿದೆ. ಮಗು ಪ್ರಕ್ರಿಯೆ ತನ್ನ ಕೆಲಸವನ್ನು ಮುಗಿಸಿದ ಕೂಡಲೇ ಸಂಪೂರ್ಣವಾಗಿ ಮಾಯವಾಗುವುದಿಲ್ಲ. ಅದು ಹೇಗೆ ಮುಗಿಯಿತೆಂಬ ಒಂದು ಅಂಕಿ, ಮತ್ತು ಅದರ ಕ್ರಮಸಂಖ್ಯೆ, ಇವು ಗಣಕದ ಪಟ್ಟಿಯಲ್ಲಿ ಉಳಿದಿರುತ್ತವೆ. ತಾಯಿ ಬಂದು ವೇಟ್ ಎಂಬ ಕರೆಯಿಂದ ಆ ಅಂಕಿಯನ್ನು ಸ್ವೀಕರಿಸಿದ ಮೇಲೆಯೇ ಅಳಿಯುವುದು. ಈ ನಡುವಣ ಸ್ಥಿತಿಯಲ್ಲಿರುವುದನ್ನು ಇಂಗ್ಲಿಷಿನಲ್ಲಿ ಜಾಂಬಿ ಎನ್ನುತ್ತಾರೆ. ಚಲನಚಿತ್ರಗಳನ್ನು ನೋಡಿದ ವಿದ್ಯಾರ್ಥಿಗೆ ಇದರಿಂದ ತಪ್ಪು ಚಿತ್ರ ಮೂಡುತ್ತದೆ. ಎದ್ದು ಬಂದು ಬದುಕಿದವರನ್ನು ಕಚ್ಚುವ ಹೆಣವೆಂದು ತಿಳಿದು ಅದನ್ನು ಮತ್ತೆ ಕೊಲ್ಲಲು ಹೊರಡುತ್ತಾನೆ. ಸತ್ತದ್ದನ್ನು ಒಂಬತ್ತನೆಯ ಸಂಕೇತವೂ ಕೊಲ್ಲಲಾರದು. ನಮ್ಮ ಭಾಷೆಯಲ್ಲಿ ಇದಕ್ಕೆ ಸಿದ್ಧವಾದ ಶಬ್ದ ಪ್ರೇತ. ಸತ್ತಿದೆ, ಆದರೆ ಸಂಸ್ಕಾರವಾಗಿಲ್ಲ. ಆದುದರಿಂದ ಹೋಗಲೊಲ್ಲದು, ಇರಲೂ ಆರದು. ಯಾರಿಗೂ ಕೇಡು ಮಾಡದೆ ತನ್ನವರ ಒಂದು ಕರ್ತವ್ಯಕ್ಕಾಗಿ ಕಾದಿದೆ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಓದಿದ ಕನ್ನಡ ವಿದ್ಯಾರ್ಥಿಗೆ, ಸಂಸ್ಕಾರವಾಗದೆ ಉಳಿದ ಒಂದು ಸಾವು ಬದುಕಿರುವವರ ಹೊಣೆಯನ್ನು ಹೇಗೆ ಹೊರಗೆಳೆಯುತ್ತದೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಎಚ್ಚರದಿಂದ ಗುರುತಿಸಬೇಕು: ಲೋಕದಲ್ಲಿ ಮಕ್ಕಳು ಹಿರಿಯರಿಗೆ ಮಾಡುವ ಕರ್ಮವನ್ನು ಇಲ್ಲಿ ತಾಯಿ ಮಗುವಿಗೆ ಮಾಡುತ್ತಾಳೆ.

ತಾಯಿಯೇ ಮೊದಲು ಸತ್ತರೆ? ಅಂತಹ ಮಗುವನ್ನು ಅನಾಥವೆಂದೇ ಕರೆಯುತ್ತಾರೆ. ಸಾಮಾನ್ಯವಾಗಿ ಒಂದನೆಯ ಸಂಖ್ಯೆಯ ಪ್ರಕ್ರಿಯೆ ಅದನ್ನು ದತ್ತು ಸ್ವೀಕರಿಸುತ್ತದೆ. ಅದು ಸತ್ತಾಗ ವೇಟ್ ಮಾಡಿ ಅಳಿಸುತ್ತದೆ. ಅನಾಥಪ್ರೇತಸಂಸ್ಕಾರವನ್ನು ಮಹಾಪುಣ್ಯಕಾರ್ಯವೆಂದು ನಮ್ಮ ಹಿರಿಯರು ಎಣಿಸಿದ್ದರು. ಯೂನಿಕ್ಸಿನಲ್ಲಿ ಆ ಪುಣ್ಯವೆಲ್ಲ ಒಂದನೆಯ ಪ್ರಕ್ರಿಯೆಯ ಪಾಲಿನದು. ಆದರೆ ಸಾಕುತಾಯಿಗೆ ಮಗು ಹೇಗೆ ಮುಗಿಯಿತೆಂಬುದರಲ್ಲಿ ಆಸಕ್ತಿಯಿಲ್ಲ. ಅಂಕಿಯನ್ನು ಸ್ವೀಕರಿಸಿ ಬಿಸಾಡುತ್ತದೆ. ಇನ್ನೂರ ಹದಿನೇಳನೆಯ ಪುಟ ವಿಫಲವಾಯಿತೆಂಬ ಸುದ್ದಿ ಹೀಗೆ ಯಾರಿಗೂ ಮುಟ್ಟದೆ ಹೋಗುತ್ತದೆ. ಪ್ರಚಲಿತ ಪಾಠದ ಅತಿ ದೊಡ್ಡ ನಷ್ಟ ಇದೇ ಎಂದು ನಾನು ಹೇಳುತ್ತೇನೆ. ತಪ್ಪು ಪ್ರಕ್ರಿಯೆಯನ್ನು ಕೊಲ್ಲುವ ಸಂಭವ ವಿರಳ, ಸುದ್ದಿ ಕಳೆದುಹೋಗುವುದು ನಿತ್ಯ.

ಪರಿಭಾಷೆಯ ಮಾತು ಬಂದುದರಿಂದ ಡೀಮನ್ ಎಂಬ ಇನ್ನೊಂದು ಶಬ್ದವನ್ನೂ ಹೇಳಿಬಿಡುತ್ತೇನೆ. ಯಾವ ಪರದೆಗೂ ಅಂಟಿಕೊಳ್ಳದೆ ಸದಾ ಹಿನ್ನೆಲೆಯಲ್ಲಿರುವ ಸೇವಕ ಪ್ರಕ್ರಿಯೆಗೆ ಈ ಹೆಸರು. ಇದನ್ನು ದೆವ್ವ ಎಂದೋ ಪಿಶಾಚಿ ಎಂದೋ ಅನುವಾದಿಸಿ ತರಗತಿಯಲ್ಲಿ ನಗಿಸುವುದುಂಟು. ಅಮೆರಿಕದ ಎಂಐಟಿಯಲ್ಲಿ 1963ರ ಪ್ರಾಜೆಕ್ಟ್ ಮ್ಯಾಕ್ ಎಂಬ ಯೋಜನೆಯವರು ಈ ಹೆಸರನ್ನಿಟ್ಟಾಗ ಅವರ ಮನಸ್ಸಿನಲ್ಲಿದ್ದುದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲನು ಕಲ್ಪಿಸಿದ, ಬಾಗಿಲ ಬಳಿ ಕುಳಿತು ಅಣುಗಳನ್ನು ವಿಂಗಡಿಸುವ ಅದೃಶ್ಯ ಜೀವಿ ಎಂದು ಅದರ ನಾಯಕರಲ್ಲೊಬ್ಬರಾದ ಫೆರ್ನಾಂಡೊ ಕೊರ್ಬಾಟೊ ತಿಳಿಸಿದ್ದಾರೆ. ತುಳುನಾಡಿನ ಭೂತ ಅಥವಾ ದೈವ ಎಂಬ ಕಲ್ಪನೆ ಇದಕ್ಕೆ ಹತ್ತಿರ: ಕಣ್ಣಿಗೆ ಕಾಣದೆ ಮನೆ ಹೊಲಗಳನ್ನು ಕಾಯುವ, ತನ್ನದೇ ಸ್ಥಾನವುಳ್ಳ ಶಕ್ತಿ. ಪಾಠ್ಯಪುಸ್ತಕಕ್ಕೆ ಆ ಶಬ್ದವನ್ನು ತರಬೇಕೆಂದು ನನ್ನ ಸೂಚನೆಯಲ್ಲ. ಡೀಮನ್ ಎಂದೇ ಇರಲಿ, ದೆವ್ವ ಬೇಡ.

ವೇಟ್ ಆಜ್ಞೆಯ ವ್ಯಾಕರಣವನ್ನು ಈಗ ಸೂಕ್ಷ್ಮವಾಗಿ ನೋಡಬೇಕು. ಶುದ್ಧಪಾಠವೆಲ್ಲ ಅದರ ಮೇಲೆ ನಿಂತಿದೆ. ಒಂದು ಆಜ್ಞೆಯನ್ನು ಹಿನ್ನೆಲೆಗೆ ಹಚ್ಚಿದ ಕೂಡಲೇ ಡಾಲರ್ ಮತ್ತು ಉದ್ಗಾರ ಚಿಹ್ನೆಗಳು ಸೇರಿದ ಚರದಲ್ಲಿ ಆ ಮಗುವಿನ ಸಂಖ್ಯೆ ದೊರೆಯುತ್ತದೆ. ಪೈಪಿನಿಂದ ಜೋಡಿಸಿದ ಹಲವು ಆಜ್ಞೆಗಳಾದರೆ ಅದು ಕೊನೆಯದರ ಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ಹೆಸರಿಸಿ ವೇಟ್ ಮಾಡಿದರೆ ಮಗು ಮುಗಿದ ರೀತಿ ತಾಯಿಗೆ ತಿಳಿಯುತ್ತದೆ: ಸಫಲವಾದರೆ 0, ಸಂಕೇತದಿಂದ ಸತ್ತಿದ್ದರೆ ಬ್ಯಾಷಿನಲ್ಲಿ 128ಕ್ಕೆ ಸಂಕೇತದ ಸಂಖ್ಯೆಯನ್ನು ಕೂಡಿದ ಮೊತ್ತ. ಹದಿನೈದನೆಯ ಸಂಕೇತಕ್ಕೆ ತಲೆಬಾಗಿ ಹೋದುದು 143 ಎಂದೂ, ಒಂಬತ್ತನೆಯದರಿಂದ ಹತವಾದುದು 137 ಎಂದೂ ವರದಿಯಾಗುತ್ತದೆ. ತನ್ನದಲ್ಲದ ಮಗುವಿಗಾಗಿ ವೇಟ್ ಮಾಡಿದರೆ ಶೆಲ್ಲು 127 ಎಂದು ಉತ್ತರಿಸುತ್ತದೆ. ಫೈಲಿನಿಂದ ಓದಿದ ಸಂಖ್ಯೆಗೆ ಬೇರೊಂದು ಸ್ಕ್ರಿಪ್ಟಿನಲ್ಲಿ ವೇಟ್ ಮಾಡಿ ನೋಡಿ. ಸಂಬಂಧವಿಲ್ಲವೆಂದು ಶೆಲ್ಲೇ ಹೇಳುತ್ತದೆ.

ಸಂಖ್ಯೆಯನ್ನು ಹೆಸರಿಸದೆ ಬರಿಯ ವೇಟ್ ಎಂದು ಬರೆದರೆ ಎಲ್ಲ ಮಕ್ಕಳಿಗಾಗಿ ಕಾಯುತ್ತದೆ. ಒಳ್ಳೆಯದೆಂದೇ ತೋರುತ್ತದೆ. ಆದರೆ ಆಗ ಅದರ ಉತ್ತರ, ಮಕ್ಕಳಲ್ಲಿ ಎಷ್ಟು ಮಂದಿ ವಿಫಲರಾದರೂ, 0. ಸುಧಾರಿತ ಎನಿಸಿಕೊಂಡ ಪ್ರತಿಗಳಲ್ಲಿ ಈ ಬರಿಯ ವೇಟ್ ಇದೆ. ಅದರ ಕೆಳಗೆ ‘ಎಲ್ಲವೂ ಯಶಸ್ವಿ’ ಎಂದು ಮುದ್ರಿಸುವ ಸಾಲೂ ಇದೆ. ಹೊಣೆಯನ್ನು ಹೊರದವನಿಗಿಂತ ಹೊತ್ತಂತೆ ಸಹಿಹಾಕಿದವನು ಹೆಚ್ಚು ಅಪಾಯಕಾರಿ. ನಾನೂರು ಪುಟಗಳಲ್ಲಿ ಹನ್ನೆರಡು ಖಾಲಿಯಾಗಿ ಬಂದಿದ್ದು, ಆ ಸಂಕಲನವನ್ನು ನಂಬಿ ಯಾವುದೋ ಶಬ್ದ ವಚನಗಳಲ್ಲಿ ಇಲ್ಲವೆಂದು ಒಬ್ಬ ಸಂಶೋಧಕ ತೀರ್ಮಾನಿಸಿದರೆ, ಆ ತಪ್ಪಿನ ಮೂಲ ಒಂದು ಶೆಲ್ ಸ್ಕ್ರಿಪ್ಟಿನಲ್ಲಿದೆ ಎಂದು ಯಾರಿಗೂ ಹೊಳೆಯದು. ಆದುದರಿಂದ ಪ್ರತಿಯೊಂದು ಮಗುವಿನ ಸಂಖ್ಯೆಯನ್ನೂ ಪುಟದ ಹೆಸರಿನೊಡನೆ ಪಟ್ಟಿಮಾಡಿಟ್ಟುಕೊಂಡು, ಒಂದೊಂದನ್ನೂ ಹೆಸರಿಸಿ ವೇಟ್ ಮಾಡಿ, 0 ಅಲ್ಲದ ಉತ್ತರ ಬಂದ ಪುಟಗಳನ್ನು ಬೇರೆ ಬರೆದಿಡತಕ್ಕದ್ದು. ಇದಕ್ಕೆ ಆರೇಳು ಸಾಲುಗಳು ಹೆಚ್ಚು ಬೇಕಾಗುತ್ತವೆ.

ನಾನೂರು ಮಕ್ಕಳನ್ನು ಒಂದೇ ಗಳಿಗೆಯಲ್ಲಿ ಹುಟ್ಟಿಸುವುದು ಇನ್ನೊಂದು ಅವಿವೇಕ. ನಾಲ್ಕು ಕೋರುಗಳ ಗಣಕದಲ್ಲಿ ನಾಲ್ಕಕ್ಕಿಂತ ಹೆಚ್ಚು ಪುಟಗಳನ್ನು ಒಟ್ಟಿಗೆ ಓದಿಸುವುದರಿಂದ ಲಾಭ ಅಲ್ಪ. ಸ್ಮೃತಿ ತುಂಬಿ ಗಣಕವೇ ಕಟ್ಟಿಬೀಳಬಹುದು. ಮುಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627–1656) ಹೆಸರಿನೊಡನೆ ಸೇರಿಬಂದಿರುವ ಮಮದಾಪುರದ ವಿಶಾಲವಾದ ಕೆರೆಯನ್ನು ಬಲ್ಲ ವಿದ್ಯಾರ್ಥಿಗೆ, ನೀರನ್ನು ಏರಿ ಒಡೆದು ಬಿಡುವುದಕ್ಕೂ ತೂಬಿನಿಂದ ಬಿಡುವುದಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ. 2014ರಲ್ಲಿ ಹೊರಬಂದ ಬ್ಯಾಷಿನ 4.3ನೆಯ ಆವೃತ್ತಿ ಇಂತಹ ತೂಬೊಂದನ್ನು ಕೊಟ್ಟಿದೆ: ವೇಟ್ ಆಜ್ಞೆಗೆ ಎನ್ ಎಂಬ ಆಯ್ಕೆಯನ್ನು ಸೇರಿಸಿದರೆ ಯಾವುದಾದರೂ ಒಂದು ಮಗು ಮುಗಿಯುವವರೆಗೆ ಮಾತ್ರ ಕಾಯುತ್ತದೆ, ಮುಗಿದುದರ ಸ್ಥಾನಕ್ಕೆ ಹೊಸದನ್ನು ಬಿಡಬಹುದು. ಮುಗಿದದ್ದು ಯಾವುದು ಎಂದು ತಿಳಿಸುವ ಪಿ ಎಂಬ ಆಯ್ಕೆ ಬಂದದ್ದು 2020ರ 5.1ರಲ್ಲಿ. ಇನ್ನೂ ಸರಳವಾಗಿ ಬೇಕೆಂದರೆ ಎಕ್ಸ್‌ಆರ್ಗ್ಸ್ ಆಜ್ಞೆಯ ದೊಡ್ಡ ಪಿ ಆಯ್ಕೆಯಿದೆ. ಟೆಸರ್ಯಾಕ್ಟಿನ ಈಚಿನ ಆವೃತ್ತಿಗಳು ಒಂದೊಂದು ಪುಟಕ್ಕೂ ತಾವೇ ಹಲವು ಎಳೆಗಳನ್ನು ತೆರೆಯುತ್ತವೆ. ಪುಟಗಳನ್ನು ಸಾಲುಸಾಲಾಗಿ ಒಟ್ಟಿಗೆ ನಡೆಸುವಾಗ ಓಎಂಪಿ ಥ್ರೆಡ್ ಲಿಮಿಟ್ ಎಂಬ ಪರಿಸರ ಚರಕ್ಕೆ 1 ಎಂಬ ಬೆಲೆಯನ್ನು ಕೊಡದಿದ್ದರೆ ಅವು ಪರಸ್ಪರ ಕಾಲೆಳೆದುಕೊಂಡು ಒಟ್ಟು ಕೆಲಸ ನಿಧಾನವಾಗುತ್ತದೆ.

ಮೂರನೆಯ ಅಂಗ ಕೊಲ್ಲುವುದು. ಕಿಲ್ ಎಂಬ ಹೆಸರೇ ಭ್ರಾಮಕ. ಅದು ಕಳುಹಿಸುವುದು ಸಂಕೇತವನ್ನು. ಏನನ್ನೂ ಹೇಳದಿದ್ದರೆ ಹೋಗುವುದು ಹದಿನೈದನೆಯ ಸಿಗ್‌ಟರ್ಮ್, ಅದು ಪ್ರಾರ್ಥನೆ. ಒಂಬತ್ತನೆಯ ಸಿಗ್‌ಕಿಲ್ ಮರಣದಂಡನೆ. ಅದನ್ನು ತಡೆಯಲು, ಮುಂದೂಡಲು, ಬರೆಯುತ್ತಿದ್ದ ಸಾಲನ್ನು ಮುಗಿಸಲು ಯಾವ ಪ್ರಕ್ರಿಯೆಗೂ ಅವಕಾಶವಿಲ್ಲ. ಅರ್ಧ ಬರೆದ ಫೈಲು, ತೆಗೆಯದೆ ಉಳಿದ ಬೀಗದ ಗುರುತು, ತಾಯಿಯನ್ನು ಕಳೆದುಕೊಂಡ ಮೊಮ್ಮಕ್ಕಳು, ಇವೆಲ್ಲ ಅದರ ಅವಶೇಷಗಳು. ದಾಖಲೆ ಪುಸ್ತಕಗಳಲ್ಲಿ ಮಾತ್ರ ಕಿಲ್ ಎಂದೊಡನೆ ಒಂಬತ್ತು ಎಂಬುದು ಜೋಡುನುಡಿಯಾಗಿದೆ. ಅಧ್ಯಾಪಕರು ಈ ಅಭ್ಯಾಸವನ್ನು ಬಿಡಿಸದಿರುವುದು ನನಗೆ ಅರ್ಥವಾಗುವುದಿಲ್ಲ.

ವಿದ್ಯಾರ್ಥಿಗಳು ಎಡವುವ ಇನ್ನೊಂದು ತಾಣವಿದೆ. ಪರದೆಯ ಮುಂದೆ ಕುಳಿತು ಸ್ಕ್ರಿಪ್ಟನ್ನು ನಡೆಸುತ್ತಿರುವಾಗ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತಿದರೆ ಸ್ಕ್ರಿಪ್ಟು ನಿಲ್ಲುತ್ತದೆ. ಅದು ಹಚ್ಚಿದ ಹಿನ್ನೆಲೆಯ ಮಕ್ಕಳು ನಿಲ್ಲುವುದಿಲ್ಲ. ಸ್ಕ್ರಿಪ್ಟಿನೊಳಗೆ & ಚಿಹ್ನೆಯಿಂದ ಹುಟ್ಟಿದ ಪ್ರಕ್ರಿಯೆಗಳು ಆ ಕೀಲಿಯ ಸಂಕೇತಕ್ಕೆ ಕಿವಿಗೊಡದಂತೆ ಶೆಲ್ಲು ಏರ್ಪಡಿಸಿರುತ್ತದೆ; ಇದು ಪಾಸಿಕ್ಸ್ ಪ್ರಮಾಣದ ವಿಧಿಯೇ. ಹೀಗೆ ತಾಯಿ ಸತ್ತು ಅನಾಥರು ಉಳಿದು, ಕೆಲಸ ನಿಂತಿತೆಂದು ತಿಳಿದ ವಿದ್ಯಾರ್ಥಿ ಅದನ್ನೇ ಮತ್ತೆ ಹಚ್ಚುತ್ತಾನೆ. ಎರಡು ತಂಡಗಳು ಒಂದೇ ಫೈಲುಗಳ ಮೇಲೆ ಬರೆಯತೊಡಗುತ್ತವೆ. ತಾಯಿ ತಾನು ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಬೇಕಾದರೆ ಟ್ರ್ಯಾಪ್ ಎಂಬ ಆಜ್ಞೆ ಬೇಕು. ಇಂಥ ಸಂಕೇತ ಬಂದಾಗ ಇಂಥದನ್ನು ಮಾಡು ಎಂಬ ವಿಧಿಯನ್ನು ಅದು ಮೊದಲೇ ಬರೆದಿಡುತ್ತದೆ. ಮಕ್ಕಳಿಗೆಲ್ಲ ಹದಿನೈದನೆಯ ಸಂಕೇತವನ್ನು ಕಳುಹಿಸಿ, ಅವರು ಮುಗಿಯುವವರೆಗೆ ಕಾದು, ಅನಂತರ ತಾನು ಹೊರಡುವುದು ಆ ವಿಧಿಯ ಸ್ವರೂಪ.

ಇಷ್ಟನ್ನೆಲ್ಲ ಶೆಲ್ಲಿನಲ್ಲಿ ಮಾಡಬೇಕೆ ಎಂಬ ಆಕ್ಷೇಪ ಸಹಜ. ಸದಾ ನಡೆಯಬೇಕಾದ ಡೀಮನ್‌ಗಳ ವಿಷಯದಲ್ಲಿ ಆಕ್ಷೇಪ ಪೂರ್ಣವಾಗಿ ನ್ಯಾಯ. 1990ರ ದಶಕದ ಕೊನೆಯ ಡೀಮನ್‌ಟೂಲ್ಸ್ ಆಗಲಿ, 2010ರಲ್ಲಿ ಲೆನ್ನಾರ್ಟ್ ಪಾಟರಿಂಗ್ ಮೊದಲಾದವರು ಆರಂಭಿಸಿದ ಸಿಸ್ಟಮ್‌ಡಿ ಆಗಲಿ ಮಾಡಿದ್ದು ಸಾರದಲ್ಲಿ ಒಂದೇ: ಸಂಖ್ಯೆಯ ಫೈಲನ್ನು ನಂಬದೆ, ಸೇವೆಯನ್ನು ತಮ್ಮ ಮಗುವಾಗಿ ಹುಟ್ಟಿಸಿ, ಅದು ಸತ್ತ ಸುದ್ದಿಯನ್ನು ತಾವೇ ಪಡೆದು, ಬೇಕಾದರೆ ಮತ್ತೆ ಹುಟ್ಟಿಸುವುದು. ಸಿಸ್ಟಮ್‌ಡಿ ಇದಕ್ಕೆ ಲಿನಕ್ಸಿನ ಸಿಗ್ರೂಪ್ ಎಂಬ ಬೇಲಿಯನ್ನೂ ಸೇರಿಸಿದೆ. ಮೊಮ್ಮಕ್ಕಳು ಎಷ್ಟೇ ದೂರ ಕವಲೊಡೆದರೂ ಬೇಲಿಯೊಳಗೇ ಇರುತ್ತಾರೆ. ಇದು ಬಹಳ ದೊಡ್ಡದಾಯಿತು, ಎಲ್ಲದಕ್ಕೂ ಕೈಹಾಕಿತು ಎಂಬ ದೂರುಗಳಲ್ಲಿ ಸತ್ಯಾಂಶವಿದ್ದರೂ ಸಂಬಂಧವನ್ನು ಕಾಪಾಡಿದ್ದಕ್ಕಾಗಿ ಅದನ್ನು ಮೆಚ್ಚಬೇಕು. ಡೀಮನ್‌ಗಳನ್ನು ಕೈಬರಹದ ಸ್ಕ್ರಿಪ್ಟಿನಿಂದ ಕಾಯುವ ಕಾಲ ಮುಗಿದಿದೆ. ಒಂದು ರಾತ್ರಿಯ ನಾನೂರು ಪುಟಗಳ ಕೆಲಸಕ್ಕೆ ಮಾತ್ರ ಶೆಲ್ಲೇ ತಕ್ಕ ಸಾಧನ.

ದೊಡ್ಡ ಗಣಕಗಳಲ್ಲಿಯೂ ವಿದ್ಯಾರ್ಥಿ ಈ ತಿಳಿವಳಿಕೆಯಿಂದ ತಪ್ಪಿಸಿಕೊಳ್ಳಲಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ ಸಹಸ್ರಟಿ ಎಂಬ ಕ್ರೇ ಯಂತ್ರಕ್ಕೆ ಕೆಲಸವನ್ನು ಒಪ್ಪಿಸುತ್ತಿದ್ದುದೂ, 2022ರಲ್ಲಿ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗಕ್ಕೆ ಒಪ್ಪಿಸುವುದೂ ಶೆಲ್ ಸ್ಕ್ರಿಪ್ಟಿನ ರೂಪದಲ್ಲಿಯೇ. ಪರಮ್ ಪ್ರವೇಗದಲ್ಲಿ ಸ್ಲರ್ಮ್ ಎಂಬ ಸರದಿಯ ಮೇಲ್ವಿಚಾರಕ ಅದನ್ನು ಸ್ವೀಕರಿಸಿ ನಡೆಸುತ್ತದೆ. ಸ್ಲರ್ಮಿನ ದೃಷ್ಟಿಯಲ್ಲಿ ಸ್ಕ್ರಿಪ್ಟು ಮುಗಿದರೆ ಕೆಲಸ ಮುಗಿಯಿತು. ನಲವತ್ತು ಗಣನೆಗಳನ್ನು & ಚಿಹ್ನೆಯಿಂದ ಹಚ್ಚಿ ಕೊನೆಯಲ್ಲಿ ವೇಟ್ ಬರೆಯುವುದನ್ನು ಮರೆತ ಸ್ಕ್ರಿಪ್ಟು ಕ್ಷಣಮಾತ್ರದಲ್ಲಿ ಮುಗಿಯುತ್ತದೆ; ನಲವತ್ತು ಗಣನೆಗಳನ್ನೂ ಸ್ಲರ್ಮ್ ಗುಡಿಸಿಹಾಕುತ್ತದೆ. ವಾರಗಟ್ಟಲೆ ಸರದಿಯಲ್ಲಿ ಕಾದವನಿಗೆ ಸಿಕ್ಕುವುದು ಖಾಲಿ ಫೈಲು. ಮಮದಾಪುರದ ಕೈಫೋನಿನಲ್ಲಿ ಬೇಕಾದ ಶಬ್ದವೂ ಇಲ್ಲಿ ಬೇಕಾದುದೂ ಅದೇ ಒಂದು.

ಶೆಲ್ಲು ತಾಯಿಯಾದರೂ ಸಂಪೂರ್ಣ ನಿಸ್ಸಂಶಯವಾದ ಹಿಡಿತವನ್ನು ಕೊಡುತ್ತದೆಂದು ಹೇಳಲಾಗದು. ಬ್ಯಾಷ್ ಸತ್ತ ಮಗುವಿನ ಸಂಸ್ಕಾರವನ್ನು ತನ್ನೊಳಗೆ ಬೇಗನೆ ಮುಗಿಸಿಬಿಟ್ಟು, ಫಲದ ಅಂಕಿಯನ್ನು ಮಾತ್ರ ನಾವು ಕೇಳುವವರೆಗೆ ನೆನಪಿಟ್ಟುಕೊಂಡಿರುತ್ತದೆ. ಆದುದರಿಂದ ಸ್ಕ್ರಿಪ್ಟಿನ ಪಟ್ಟಿಯಲ್ಲಿ ಸಂಖ್ಯೆ ಇನ್ನೂ ಇರುವಾಗಲೇ ಗಣಕ ಅದನ್ನು ಬೇರೆಯವರಿಗೆ ಕೊಟ್ಟಿರುವ ಸಂಭವ ಸ್ವಲ್ಪ ಉಳಿಯುತ್ತದೆ. ಹಳೆಯ ಪಟ್ಟಿಯನ್ನು ಬಿಟ್ಟು, ಕೊಲ್ಲುವ ಗಳಿಗೆಯಲ್ಲಿ ಜಾಬ್ಸ್ ಆಜ್ಞೆಯಿಂದ ನಡೆಯುತ್ತಿರುವ ಮಕ್ಕಳನ್ನಷ್ಟೇ ಕೇಳಿ ಪಡೆದರೆ ಈ ಸಂಭವ ಕಣ್ಣೆವೆಯಿಕ್ಕುವಷ್ಟಕ್ಕೆ ಇಳಿಯುತ್ತದೆ. ಸಂಖ್ಯೆಯ ಬದಲು ಪ್ರಕ್ರಿಯೆಯನ್ನೇ ಹಿಡಿದಿರುವ ಪಿಐಡಿಎಫ್‌ಡಿ ಎಂಬ ಹಿಡಿಯನ್ನು ಲಿನಕ್ಸ್ 2019ರಲ್ಲಿ ಒದಗಿಸಿತು. ಅದು ಸಿ ಭಾಷೆಯಂಥವುಗಳಲ್ಲಿ ಬರೆಯುವವರಿಗಾಗಿ.

ಪಾಠವನ್ನು ಪರಿಷ್ಕರಿಸುವವರು ಕಡೆಗೆ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಬ್ಯಾಷ್ ಮುನ್ನೆಲೆಯಲ್ಲಿ ಒಂದು ಆಜ್ಞೆಯನ್ನು ನಡೆಸುತ್ತಿರುವಾಗ ಸಂಕೇತ ಬಂದರೆ, ಆ ಆಜ್ಞೆ ಮುಗಿಯುವವರೆಗೆ ಟ್ರ್ಯಾಪಿನ ವಿಧಿ ನಡೆಯುವುದಿಲ್ಲ. ಒಂದು ಗಂಟೆಯ ಸ್ಲೀಪ್ ಇದ್ದರೆ ಒಂದು ಗಂಟೆ ತಡ. ಕೆಲಸವನ್ನು ಹಿನ್ನೆಲೆಗೆ ಹಚ್ಚಿ ತಾಯಿ ವೇಟ್ ಮಾಡುತ್ತಿರುವಾಗ ಬಂದರೆ ವೇಟ್ ತತ್‌ಕ್ಷಣ ಹಿಂತಿರುಗುತ್ತದೆ, ವಿಧಿ ನಡೆಯುತ್ತದೆ. ಆದರೆ ಹಾಗೆ ಹಿಂತಿರುಗಿದ ವೇಟಿನ ಉತ್ತರ 128ಕ್ಕಿಂತ ದೊಡ್ಡದಾಗಿರುವುದು ತಾಯಿಗೆ ಬಂದ ಸಂಕೇತದ ದೆಸೆಯಿಂದ. ಮಗು ಇನ್ನೂ ಬದುಕಿರಬಹುದು. ಆದುದರಿಂದ ವಿಧಿಯೊಳಗೆ ಅದೇ ಸಂಖ್ಯೆಯನ್ನು ಹೆಸರಿಸಿ ಎರಡನೆಯ ಸಲ ವೇಟ್ ಮಾಡತಕ್ಕದ್ದು. ನಾನು ನೋಡಿದ ಪ್ರತಿಗಳಲ್ಲಿ ಟ್ರ್ಯಾಪ್ ಇರುವುವು ಕೆಲವು; ಈ ಎರಡನೆಯ ವೇಟ್ ಇರುವುದು ಒಂದೂ ಇಲ್ಲ.